ಡಿಲೇಡ್ ಆ್ಯಕ್ ಮತ್ತು ಹರಿವಿನ ನಿಯಂತ್ರಣ: ಟಿಸಿಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಪರ್ಕವೊಂದು ನಿಧಾನವಾದಾಗ ಮೊದಲು ಬೈಸಿಕೊಳ್ಳುವುದು ನೆಟ್‌ವರ್ಕು. ಆದರೆ ತಂತಿಯಲ್ಲಿ ಯಾವ ದೋಷವೂ ಇಲ್ಲದಿರುವಾಗ, ಎರಡೂ ತುದಿಯ ಯಂತ್ರಗಳು ನಿಯಮದ ಪ್ರಕಾರವೇ ನಡೆದುಕೊಳ್ಳುತ್ತ, ಒಂದು ಇನ್ನೊಂದರ ಮಾತಿಗಾಗಿ ಸುಮ್ಮನೆ ಕಾಯುತ್ತ ಕೂರುವ ಸಂದರ್ಭಗಳಿವೆ. ಅಂತರ್ಜಾಲದಲ್ಲಿ ದತ್ತಾಂಶವನ್ನು ಕ್ರಮ ತಪ್ಪದಂತೆ ಸಾಗಿಸುವ ನಿಯಮಾವಳಿಯಾದ ಟಿಸಿಪಿಯ ಕುರಿತ ಈ ಪುಟದ ಪ್ರಶ್ನೆಗಳು ಬಹುಮಟ್ಟಿಗೆ ಅಂಥ ಕಾಯುವಿಕೆಗೆ ಸಂಬಂಧಿಸಿದವು. ದತ್ತಾಂಶ ತಲುಪಿತು ಎಂದು ಮರಳಿ ತಿಳಿಸುವ ಅಕ್ನಾಲೆಜ್‌ಮೆಂಟ್ ಎಂಬುದಕ್ಕೆ ಕನ್ನಡದಲ್ಲಿ ಸ್ವೀಕೃತಿ ಎಂಬ ಒಳ್ಳೆಯ ಪದವಿದ್ದರೂ, ಈ ಕೆಲಸದಲ್ಲಿರುವವರೆಲ್ಲ ಆ್ಯಕ್ ಎಂದೇ ಹೇಳುವುದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ.

ಆ್ಯಕ್ ನಿಖರವಾಗಿ ಏನನ್ನು ಹೇಳುತ್ತದೆ?

ಎರಡು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ಹುಟ್ಟುತ್ತವೆ. ಮೊದಲನೆಯದು ಆ್ಯಕ್ ಸಂಖ್ಯೆ. ಈ ಸಂಖ್ಯೆಗಿಂತ ಹಿಂದಿನ ಎಲ್ಲ ಬೈಟ್‌ಗಳೂ ನನ್ನನ್ನು ತಲುಪಿವೆ, ಇನ್ನು ಈ ಬೈಟ್ ಬರಬೇಕು ಎಂಬುದು ಅದರ ಅರ್ಥ. ಲೆಕ್ಕವಿರುವುದು ಬೈಟ್‌ಗಳಲ್ಲಿಯೇ ಹೊರತು ಪ್ಯಾಕೆಟ್‌ಗಳಲ್ಲಿ ಅಲ್ಲ; ಹಿಂದಿನದೆಲ್ಲವನ್ನೂ ಸೇರಿಸಿ ಹೇಳುವುದರಿಂದ ನಡುವಿನ ಒಂದು ಆ್ಯಕ್ ಕಳೆದುಹೋದರೂ ಅದರ ಹಿಂದೆ ಬರುವ ಇನ್ನೊಂದು ಆ ಕೊರತೆಯನ್ನು ತುಂಬಿಕೊಡುತ್ತದೆ. ಎರಡನೆಯದು ವಿಂಡೋ, ಅಂದರೆ ಆ ಬೈಟ್‌ನಿಂದ ಮುಂದಕ್ಕೆ ಇನ್ನೆಷ್ಟು ಬೈಟ್‌ಗಳಿಗೆ ನನ್ನ ಬಫರ್‌ನಲ್ಲಿ (ಬಂದದ್ದನ್ನು ಓದುವವರೆಗೆ ಇಟ್ಟುಕೊಳ್ಳುವ ಮೆಮೊರಿಯಲ್ಲಿ) ಜಾಗವಿದೆ ಎಂಬ ಪ್ರಕಟಣೆ. ದತ್ತಾಂಶ ಬಂದು ಸೇರಿದ್ದರೂ ಅಪ್ಲಿಕೇಶನ್ ಅದನ್ನು ಇನ್ನೂ ಓದಿರದಿದ್ದರೆ ಆ್ಯಕ್ ಸಂಖ್ಯೆ ಮುಂದೆ ಸರಿಯುತ್ತದೆ, ವಿಂಡೋ ಅಷ್ಟೇ ಕಿರಿದಾಗುತ್ತದೆ.

ಆ್ಯಕ್ ಬಂದಿತೆಂದರೆ ಎದುರಿನ ಅಪ್ಲಿಕೇಶನ್‌ಗೆ ದತ್ತಾಂಶ ತಲುಪಿತು ಎಂದು ಅರ್ಥವಲ್ಲ. ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಚೀಟಿಯಲ್ಲಿ ಮನೆಯವರು ಯಾರೋ ಸಹಿ ಹಾಕಿದ್ದಾರೆ ಎಂದಷ್ಟೇ ತಿಳಿಯುತ್ತದೆ, ವಿಳಾಸದಾರರು ಲಕೋಟೆ ಒಡೆದರೋ ಇಲ್ಲವೋ ತಿಳಿಯುವುದಿಲ್ಲ. ಇಲ್ಲಿ ಸಹಿ ಹಾಕುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್.

ದತ್ತಾಂಶ ಬಂದ ಕೂಡಲೇ ಆ್ಯಕ್ ಕಳುಹಿಸದೆ ತಡೆದಿಟ್ಟುಕೊಳ್ಳುವುದು ಏಕೆ?

ಹೀಗೆ ತಡೆದು ಕಳುಹಿಸುವುದನ್ನೇ ಡಿಲೇಡ್ ಆ್ಯಕ್ ಎನ್ನುತ್ತಾರೆ. ಬರಿಯ ಆ್ಯಕ್ ಎಂದರೆ ದತ್ತಾಂಶವೇ ಇಲ್ಲದ, ಕನಿಷ್ಠ 40 ಬೈಟ್‌ಗಳ ತಲೆಬರಹವನ್ನಷ್ಟೇ (ಹೆಡರ್) ಹೊತ್ತ ಪ್ಯಾಕೆಟ್. ಸ್ವಲ್ಪ ಕಾದರೆ ಎರಡು ಲಾಭಗಳಿವೆ. ಅಪ್ಲಿಕೇಶನ್ ಏನಾದರೂ ಉತ್ತರ ಬರೆದರೆ ಆ್ಯಕ್ ಅದೇ ಪ್ಯಾಕೆಟ್‌ನ ಬೆನ್ನೇರಿ ಹೋಗಬಹುದು. ಅಥವಾ ಅಷ್ಟರಲ್ಲಿ ಇನ್ನೊಂದು ಸೆಗ್ಮೆಂಟ್ (ಒಂದು ಪ್ಯಾಕೆಟ್‌ನಲ್ಲಿ ಹೋಗುವ ದತ್ತಾಂಶದ ತುಂಡು) ಬಂದರೆ ಎರಡಕ್ಕೂ ಸೇರಿ ಒಂದೇ ಆ್ಯಕ್ ಸಾಕಾಗುತ್ತದೆ. ದೂರದ ಯಂತ್ರದಲ್ಲಿ ಒಂದೊಂದೇ ಅಕ್ಷರ ಟೈಪ್ ಮಾಡುವ ಸನ್ನಿವೇಶವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಡವಿಲ್ಲದಿದ್ದರೆ ಪ್ರತಿ ಅಕ್ಷರಕ್ಕೂ ನಾಲ್ಕು ಪ್ಯಾಕೆಟ್‌ಗಳು ಓಡಾಡುತ್ತವೆ: ಅಕ್ಷರ, ಅದರ ಆ್ಯಕ್, ತೆರೆಯ ಮೇಲೆ ಮೂಡಲು ಮರಳಿ ಬರುವ ಅಕ್ಷರ, ಅದರ ಆ್ಯಕ್. ತಡೆದರೆ ನಡುವಿನ ಎರಡು ಒಂದಾಗಿ, ಲೆಕ್ಕ ಮೂರಕ್ಕೆ ಇಳಿಯುತ್ತದೆ. ಡೇವಿಡ್ ಕ್ಲಾರ್ಕ್ ಅವರು 1982ರ ಜುಲೈನ ಆರ್‌ಎಫ್‌ಸಿ 813ರಲ್ಲಿ (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ನಿಯಮಗಳನ್ನು ದಾಖಲಿಸುವ ಬರಹಗಳ ಸರಣಿ) ಆ್ಯಕ್ ಮತ್ತು ವಿಂಡೋಗಳನ್ನು ಯಾವಾಗ ಕಳುಹಿಸಬೇಕು ಎಂಬುದನ್ನು ಒಟ್ಟಿಗೇ ಚರ್ಚಿಸಿದ್ದರು. ನಲವತ್ತು ವರ್ಷಗಳ ಬಳಿಕವೂ ಅದು ಓದಲು ಯೋಗ್ಯವಾದ, ಸರಳವಾದ ಬರಹ.

ಎಷ್ಟು ಹೊತ್ತು ತಡೆಯಬಹುದು?

1989ರ ಆರ್‌ಎಫ್‌ಸಿ 1122 ಹಾಕಿದ ಮಿತಿ ಅರ್ಧ ಸೆಕೆಂಡಿಗಿಂತ ಕಡಿಮೆ. ಜೊತೆಗೆ, ಪೂರ್ಣ ಗಾತ್ರದ ಸೆಗ್ಮೆಂಟ್‌ಗಳು ಸಾಲಾಗಿ ಬರುತ್ತಿರುವಾಗ ಪ್ರತಿ ಎರಡಕ್ಕೆ ಒಂದಾದರೂ ಆ್ಯಕ್ ಹೋಗಬೇಕು. ವ್ಯವಹಾರದಲ್ಲಿ ಯಾರೂ ಅರ್ಧ ಸೆಕೆಂಡು ಕಾಯುವುದಿಲ್ಲ. ಹಳೆಯ ಬಿಎಸ್‌ಡಿ ಯುನಿಕ್ಸ್ ವ್ಯವಸ್ಥೆಯಲ್ಲಿ 200 ಮಿಲಿಸೆಕೆಂಡಿಗೊಮ್ಮೆ ಬಡಿಯುವ ಟೈಮರ್ ಇತ್ತು, ವಿಂಡೋಸ್ ಕೂಡ ಬಹುಕಾಲ 200ನ್ನೇ ಇಟ್ಟುಕೊಂಡಿತ್ತು. ಲಿನಕ್ಸ್ ಸಂಪರ್ಕದ ಸ್ವಭಾವ ನೋಡಿ ಅವಧಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕನಿಷ್ಠ 40, ಗರಿಷ್ಠ 200 ಮಿಲಿಸೆಕೆಂಡು. ನಿಮ್ಮ ಲೇಟೆನ್ಸಿ (ವಿಳಂಬ) ಗ್ರಾಫಿನಲ್ಲಿ ಸರಿಯಾಗಿ 40ರ ಬಳಿ ಅಥವಾ 200ರ ಬಳಿ ದಿಬ್ಬವೊಂದು ಎದ್ದು ಕಂಡರೆ, ಡಿಸ್ಕ್, ಡೇಟಾಬೇಸ್ ಎಂದು ಅಲೆಯುವ ಮೊದಲು ಇಲ್ಲಿ ಬಂದು ನೋಡುವುದು ಲೇಸು.

ಯಾವಾಗ ತಡೆಯಲೇಬಾರದು?

ಸೆಗ್ಮೆಂಟ್‌ಗಳು ಕ್ರಮ ತಪ್ಪಿ ಬಂದಾಗ. ನಡುವೆ ಒಂದು ತುಂಡು ಕಾಣೆಯಾಗಿದ್ದರೆ, ನಂತರ ಬಂದ ಪ್ರತಿಯೊಂದು ಸೆಗ್ಮೆಂಟ್‌ಗೂ ತಕ್ಷಣವೇ ಅದೇ ಹಳೆಯ ಸಂಖ್ಯೆಯ ಆ್ಯಕ್ ಮರಳಿ ಹೋಗಬೇಕು, ಏಕೆಂದರೆ ಅಂಥ ಮೂರು ಪುನರಾವರ್ತಿತ ಆ್ಯಕ್‌ಗಳು ಬಂದಾಗಲೇ ಕಳುಹಿಸುವ ತುದಿಯು ಟೈಮರ್‌ಗೆ ಕಾಯದೆ ಕಳೆದದ್ದನ್ನು ಮತ್ತೆ ಕಳುಹಿಸುತ್ತದೆ. ಕಂಡಿಯನ್ನು ತುಂಬುವ ತುಂಡು ಬಂದಾಗಲೂ ತಡ ಸಲ್ಲದು.

ನೇಗಲ್ ವಿಧಾನಕ್ಕೂ ಡಿಲೇಡ್ ಆ್ಯಕ್‌ಗೂ ಜಗಳ ಎನ್ನುತ್ತಾರಲ್ಲ, ಅದು ಏನು?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಜಾನ್ ನೇಗಲ್ ಅವರು ಫೋರ್ಡ್ ಏರೋಸ್ಪೇಸ್‌ನಲ್ಲಿದ್ದಾಗ, 1984ರ ಜನವರಿಯ ಆರ್‌ಎಫ್‌ಸಿ 896ರಲ್ಲಿ ಸಣ್ಣ ಪ್ಯಾಕೆಟ್‌ಗಳ ಸಮಸ್ಯೆಯನ್ನು ಎತ್ತಿಕೊಂಡರು. ಒಂದು ಬೈಟ್ ಕಳುಹಿಸಲು 41 ಬೈಟ್‌ಗಳ ಪ್ಯಾಕೆಟ್, ಅಂದರೆ ಶೇ. 4000ರಷ್ಟು ಮೇಲ್ಖರ್ಚು. ಅವರ ಪರಿಹಾರ ಒಂದೇ ವಾಕ್ಯದ್ದು: ಈ ಹಿಂದೆ ಕಳುಹಿಸಿದ ದತ್ತಾಂಶಕ್ಕೆ ಆ್ಯಕ್ ಬರುವುದು ಬಾಕಿಯಿದ್ದರೆ, ಹೊಸದಾಗಿ ಬಂದ ಚೂರುಪಾರನ್ನು ಕಳುಹಿಸಬೇಡ, ಆ್ಯಕ್ ಬರುವವರೆಗೆ ಅಥವಾ ಪೂರ್ತಿ ಸೆಗ್ಮೆಂಟ್ ತುಂಬುವವರೆಗೆ ಕೂಡಿಹಾಕು. ಇದು ಕಳುಹಿಸುವ ತುದಿಯ ಜಾಣತನ. ಡಿಲೇಡ್ ಆ್ಯಕ್ ಪಡೆಯುವ ತುದಿಯ ಜಾಣತನ. ಬಿಡಿಬಿಡಿಯಾಗಿ ಎರಡೂ ಒಳ್ಳೆಯವೇ. ಸೇರಿದಾಗ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ.

ಕ್ಲೈಂಟ್ ಪ್ರೋಗ್ರಾಮೊಂದು ತನ್ನ ಪ್ರತಿ ವಿನಂತಿಯಲ್ಲಿ ಮೊದಲು 4 ಬೈಟ್‌ಗಳ ಉದ್ದವನ್ನು ಬರೆಯುತ್ತದೆ, ಆಮೇಲೆ ಇನ್ನೊಂದು ರೈಟ್ ಕರೆಯಲ್ಲಿ 180 ಬೈಟ್‌ಗಳ ಒಡಲನ್ನು ಬರೆಯುತ್ತದೆ, ಬಳಿಕ ಉತ್ತರಕ್ಕಾಗಿ ರೀಡ್ ಕರೆದು ಕೂರುತ್ತದೆ. ಬಾಕಿ ಏನೂ ಇಲ್ಲದ್ದರಿಂದ 4 ಬೈಟ್‌ಗಳು ಕೂಡಲೇ ಹೊರಡುತ್ತವೆ. 180 ಬೈಟ್‌ಗಳು ಪೂರ್ಣ ಸೆಗ್ಮೆಂಟ್ ಅಲ್ಲ, ಮೊದಲಿನ ನಾಲ್ಕಕ್ಕೆ ಆ್ಯಕ್ ಬಂದಿಲ್ಲ. ನೇಗಲ್ ನಿಯಮ ಅವನ್ನು ಹಿಡಿದಿಡುತ್ತದೆ. ಇತ್ತ ಸರ್ವರ್‌ಗೆ 4 ಬೈಟ್‌ಗಳು ಸಿಕ್ಕಿವೆ. ಒಡಲು ಬಾರದೆ ಅಪ್ಲಿಕೇಶನ್ ಉತ್ತರ ಕೊಡಲಾರದು. ಉತ್ತರ ಇಲ್ಲದ್ದರಿಂದ ಬೆನ್ನೇರಿ ಹೋಗಲು ಏನೂ ಇಲ್ಲ. ಎರಡನೆಯ ಸೆಗ್ಮೆಂಟ್ ಕೂಡ ಇಲ್ಲ. ಹಾಗಾಗಿ ಕರ್ನೆಲ್ ಆ್ಯಕ್ ಅನ್ನು ತಡೆದಿಟ್ಟುಕೊಂಡಿದೆ. ಆ ಕಡೆಯವರು ಮೊದಲು ಮಾತಾಡಲಿ ಎಂದು ಎರಡೂ ಕಡೆಯವರು ಸುಮ್ಮನಿದ್ದಂತಾಯಿತು. 40 ಮಿಲಿಸೆಕೆಂಡು ಕಳೆದು ಟೈಮರ್ ಬಡಿದಾಗ ಆ್ಯಕ್ ಹೋಗುತ್ತದೆ, ಒಡಲು ಬರುತ್ತದೆ, ಉತ್ತರ ಹೊರಡುತ್ತದೆ. ಮುಂದಿನ ವಿನಂತಿಯಲ್ಲಿ ಇದೇ ಕಥೆ ಮತ್ತೆ ಮೊದಲಿನಿಂದ.

ನಾನಿದ್ದ ತಂಡವೊಂದರಲ್ಲಿ ಇದು ಹೀಗೆಯೇ ನಡೆದಿತ್ತು. ಒಂದೇ ರ‍್ಯಾಕಿನ ಎರಡು ಯಂತ್ರಗಳು, ಪಿಂಗ್ ಮಾಡಿದರೆ ಅರ್ಧ ಮಿಲಿಸೆಕೆಂಡೂ ಇಲ್ಲ, ಆದರೂ ಒಂದು ಸಂಪರ್ಕದಲ್ಲಿ ಸೆಕೆಂಡಿಗೆ ಇಪ್ಪತ್ತೈದಕ್ಕಿಂತ ಹೆಚ್ಚು ವಿನಂತಿಗಳು ಸಾಗುತ್ತಿರಲಿಲ್ಲ. ಸಾವಿರವನ್ನು ನಲವತ್ತರಿಂದ ಭಾಗಿಸಿದರೆ ಇಪ್ಪತ್ತೈದು ಎಂಬುದು ಹೊಳೆಯಲು ನಮಗೆ ಎರಡು ದಿನ ಹಿಡಿಯಿತು. ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳದಿರಲು ಕಾರಣವೂ ಸ್ವಾರಸ್ಯಕರವಾಗಿದೆ: ಲಿನಕ್ಸ್ ಹೊಸ ಸಂಪರ್ಕದ ಆರಂಭದಲ್ಲಿ ಕೆಲವು ಆ್ಯಕ್‌ಗಳನ್ನು ತಡೆಯದೆ ಕಳುಹಿಸುತ್ತದೆ, ಮಾತುಕತೆಯ ಸ್ವಭಾವದ ಸಂಪರ್ಕ ಇದು ಎಂದು ಅನ್ನಿಸಿದ ಮೇಲಷ್ಟೇ ತಡೆಯತೊಡಗುತ್ತದೆ. ಒಂದು ವಿನಂತಿ ಕಳುಹಿಸಿ ಸಂಪರ್ಕ ಮುಚ್ಚುತ್ತಿದ್ದ ನಮ್ಮ ಪರೀಕ್ಷೆಗಳು ಹಾಗಾಗಿ ಚುರುಕಾಗಿ ಮುಗಿಯುತ್ತಿದ್ದವು. ಸಂಪರ್ಕವನ್ನು ಗಂಟೆಗಟ್ಟಲೆ ತೆರೆದಿಡುವ ನಿಜವಾದ ಬಳಕೆಯಲ್ಲಿ ಮಾತ್ರ ತೊಂದರೆ ಕಾಣಿಸುತ್ತಿತ್ತು.

ಹಾಗಾದರೆ ನೇಗಲ್ ನಿಯಮವನ್ನು ನಿಲ್ಲಿಸುವ ಟಿಸಿಪಿ ನೋಡಿಲೇ ಆಯ್ಕೆಯನ್ನು ಹಾಕಿದರೆ ಸಾಕಲ್ಲವೇ?

ಲಕ್ಷಣ ಮಾಯವಾಗುತ್ತದೆ, ಮತ್ತು ವಿನಂತಿ–ಉತ್ತರ ಮಾದರಿಯ ಸೇವೆಗಳಲ್ಲಿ ಅದನ್ನು ಹಾಕುವುದು ಇಂದು ರೂಢಿಯೇ ಆಗಿದೆ. ಗೋ ಭಾಷೆಯ ನೆಟ್‌ವರ್ಕ್ ಲೈಬ್ರರಿಯಲ್ಲಂತೂ ಅದು ತಾನಾಗಿಯೇ ಚಾಲೂ ಇರುತ್ತದೆ. ಆದರೆ ಮೇಲಿನ ಉದಾಹರಣೆಯಲ್ಲಿ ನೇಗಲ್ ನಿಯಮವನ್ನು ತೆಗೆದರೆ ಒಂದು ಸಾಕಾಗುವಲ್ಲಿ ಎರಡು ಪ್ಯಾಕೆಟ್‌ಗಳು ಕಾಯದೆ ಹೋಗುತ್ತವೆ ಅಷ್ಟೆ, ಮೂಲ ತಪ್ಪು ಹಾಗೆಯೇ ಉಳಿಯುತ್ತದೆ. ಮೂಲ ತಪ್ಪು ಎಂದರೆ ಒಂದೇ ಸಂದೇಶವನ್ನು ಎರಡು ರೈಟ್ ಕರೆಗಳಲ್ಲಿ ಬರೆದದ್ದು. ಉದ್ದವನ್ನೂ ಒಡಲನ್ನೂ ಒಂದು ಬಫರ್‌ನಲ್ಲಿ ಜೋಡಿಸಿ, ಅಥವಾ ಹಲವು ತುಂಡುಗಳನ್ನು ಒಟ್ಟಿಗೆ ಬರೆಯುವ ರೈಟ್‌ವಿ ಕರೆಯಿಂದ, ಒಮ್ಮೆಗೇ ಕೊಟ್ಟರೆ 184 ಬೈಟ್‌ಗಳು ಒಟ್ಟಿಗೆ ಹೊರಡುತ್ತವೆ. ನೇಗಲ್ ನಿಯಮ ಇದ್ದರೂ ಇಲ್ಲದಿದ್ದರೂ ತಡವಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಇದನ್ನು ಸರಿಪಡಿಸಬೇಕು, ನೋಡಿಲೇ ಆಮೇಲಿನ ಮಾತು.

ನೇಗಲ್ ಅವರೇ ಮುಂದೆ ಹಲವು ಬಾರಿ ಬರೆದಿರುವಂತೆ, ದೋಷವನ್ನು ಅವರು ಹೊರಿಸುವುದು ತಮ್ಮ ವಿಧಾನದ ಮೇಲಲ್ಲ, ಆ್ಯಕ್ ತಡೆಯುವ ಸ್ಥಿರ ಟೈಮರ್ ಮೇಲೆ. ಅದರಲ್ಲಿ ಹುರುಳಿದೆ: ಅವರ ನಿಯಮದ ಕಾಯುವಿಕೆ ರೌಂಡ್ ಟ್ರಿಪ್ (ಹೋಗಿ ಬರುವ ಸಮಯ) ಎಷ್ಟಿದೆಯೋ ಅಷ್ಟಕ್ಕೆ ತಾನೇ ಹೊಂದಿಕೊಳ್ಳುತ್ತದೆ, 200 ಮಿಲಿಸೆಕೆಂಡಿನ ಟೈಮರ್‌ಗೆ ಮಾತ್ರ ಪಕ್ಕದ ಯಂತ್ರ ಯಾವುದು, ಪರದೇಶದ ಯಂತ್ರ ಯಾವುದು ಎಂಬ ಪರಿವೆಯೇ ಇರಲಿಲ್ಲ.

ಆ್ಯಕ್ ತಡೆಯಬೇಡ ಎನ್ನುವ ಕ್ವಿಕ್‌ಆ್ಯಕ್ ಆಯ್ಕೆಯನ್ನು ಒಮ್ಮೆ ಹಾಕಿದ್ದೇನೆ, ಆದರೂ ತಡ ಮರಳಿ ಬಂದಿದೆ. ಏಕೆ?

ಲಿನಕ್ಸ್‌ನಲ್ಲಿ ಆ ಆಯ್ಕೆ ಶಾಶ್ವತವಲ್ಲ. ಸಂಪರ್ಕದ ಮುಂದಿನ ನಡವಳಿಕೆ ನೋಡಿ ಕರ್ನೆಲ್ ಮತ್ತೆ ತಡೆಯುವ ಸ್ಥಿತಿಗೆ ಹೋಗಬಹುದು. ಬೇಕೆಂದರೆ ಪ್ರತಿ ಓದಿನ ಬಳಿಕ ಮತ್ತೆ ಹಾಕಬೇಕು.

ಹರಿವಿನ ನಿಯಂತ್ರಣ ಮತ್ತು ದಟ್ಟಣೆ ನಿಯಂತ್ರಣ ಒಂದೇ ಅಲ್ಲವೇ?

ಅಲ್ಲ. ಹರಿವಿನ ನಿಯಂತ್ರಣ ಪಡೆಯುವ ಯಂತ್ರವನ್ನು ಕಾಪಾಡುತ್ತದೆ, ದಟ್ಟಣೆ ನಿಯಂತ್ರಣ ನಡುವಿನ ದಾರಿಯನ್ನು ಕಾಪಾಡುತ್ತದೆ. ಮೊದಲನೆಯದರಲ್ಲಿ ಮಿತಿ ಎಷ್ಟು ಎಂಬುದನ್ನು ಎದುರಿನವರೇ ಪ್ರತಿ ಆ್ಯಕ್‌ನಲ್ಲಿ ಬಾಯಿಬಿಟ್ಟು ಹೇಳುತ್ತಾರೆ; ಎರಡನೆಯದರಲ್ಲಿ ಯಾರೂ ಹೇಳುವುದಿಲ್ಲ, ಕಳುಹಿಸುವ ತುದಿಯೇ ಪ್ಯಾಕೆಟ್ ನಷ್ಟ ಮತ್ತು ವಿಳಂಬಗಳಿಂದ ಊಹಿಸಿಕೊಳ್ಳಬೇಕು. ಟಿಸಿಪಿಯಲ್ಲಿ ಮೊದಲಿಗೆ ಇದ್ದದ್ದು ಎದುರಿನ ವಿಂಡೋ ಮಾತ್ರ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೆ, ಅಂದರೆ ಬರಿಯ 400 ಗಜಗಳ ದೂರಕ್ಕೆ, ವೇಗವು ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿದಾಗ, ಎರಡೂ ತುದಿಗಳ ಬಫರ್‌ನಲ್ಲಿ ಜಾಗವಿದ್ದರಷ್ಟೇ ಸಾಲದು ಎಂಬುದು ಮನವರಿಕೆಯಾಯಿತು. ವ್ಯಾನ್ ಜೇಕಬ್ಸನ್ ಅವರ 1988ರ ಪ್ರಬಂಧ ಅದರ ಫಲ. ಅಂದಿನಿಂದ ಕಳುಹಿಸುವ ತುದಿ ಎರಡು ಮಿತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದು ಚಿಕ್ಕದೋ ಅದಕ್ಕೆ ತಲೆಬಾಗುತ್ತದೆ.

ನನ್ನ 100 ಮೆಗಾಬಿಟ್ ಸಂಪರ್ಕದಲ್ಲಿ ದೂರದ ಸರ್ವರ್‌ನಿಂದ ಒಂದು ಫೈಲು ಏಕೆ ಎರಡೂವರೆ ಮೆಗಾಬಿಟ್ ವೇಗದಲ್ಲಿ ಬರುತ್ತದೆ?

ವಿಂಡೋ ಸ್ಕೇಲಿಂಗ್ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಟಿಸಿಪಿ ತಲೆಬರಹದಲ್ಲಿ ವಿಂಡೋಗೆ ಇರುವುದು 16 ಬಿಟ್‌ಗಳು, ಆದ್ದರಿಂದ ಹೇಳಬಹುದಾದ ಗರಿಷ್ಠ ಸಂಖ್ಯೆ 65,535. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಿ ಬರಲು 200 ಮಿಲಿಸೆಕೆಂಡು ಎಂದು ಇಟ್ಟುಕೊಳ್ಳಿ, ನಿಜಕ್ಕೂ ಅದಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಒಂದು ಸುತ್ತಿಗೆ 65,535 ಬೈಟ್‌ಗಳು ಎಂದರೆ ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್, ತಂತಿ ಎಷ್ಟೇ ದಪ್ಪವಿದ್ದರೂ ಅಷ್ಟೇ. 100 ಮೆಗಾಬಿಟ್ ತುಂಬಬೇಕಾದರೆ 25 ಲಕ್ಷ ಬೈಟ್‌ಗಳು ಯಾವಾಗಲೂ ದಾರಿಯಲ್ಲಿರಬೇಕು.

1992ರ ಆರ್‌ಎಫ್‌ಸಿ 1323, ಮತ್ತು ಅದರ ಜಾಗಕ್ಕೆ 2014ರಲ್ಲಿ ಬಂದ ಆರ್‌ಎಫ್‌ಸಿ 7323, ಇದಕ್ಕೆ ದಾರಿ ತೋರಿಸಿದವು. ವಿಂಡೋ ಸಂಖ್ಯೆಯನ್ನು ಗರಿಷ್ಠ 14 ಬಿಟ್‌ಗಳಷ್ಟು ಎಡಕ್ಕೆ ಸರಿಸಿ ಓದಬೇಕೆಂದು ಎರಡೂ ತುದಿಗಳು ಸಂಪರ್ಕದ ಆರಂಭದ ಸಿನ್ ಪ್ಯಾಕೆಟ್‌ಗಳಲ್ಲಿ ಒಪ್ಪಂದ ಮಾಡಿಕೊಳ್ಳುತ್ತವೆ; ಹೀಗೆ ವಿಂಡೋ ಸುಮಾರು ಒಂದು ಗಿಗಾಬೈಟ್‌ವರೆಗೆ ಬೆಳೆಯಬಲ್ಲದು. ಒಪ್ಪಂದ ಆರಂಭದಲ್ಲಿ ಮಾತ್ರ ಆಗುವುದರಿಂದ ಎರಡು ಪರಿಣಾಮಗಳಿವೆ. ದಾರಿಯ ನಡುವಿನ ಹಳೆಯ ಫೈರ್‌ವಾಲ್ ಆ ಆಯ್ಕೆಯನ್ನು ಅಳಿಸಿದರೆ ಇಡೀ ಸಂಪರ್ಕ 65,535ಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆಯೇ, ಸಂಪರ್ಕ ಶುರುವಾದ ಮೇಲೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಹಚ್ಚಿದರೆ ಅದಕ್ಕೆ ಗುಣಕ ಗೊತ್ತಾಗದೆ, ವಿಂಡೋ ಕೇವಲ ಕೆಲವು ನೂರು ಬೈಟ್‌ಗಳೆಂದು ತೋರಿಸಿ ದಾರಿ ತಪ್ಪಿಸುತ್ತದೆ.

ಇನ್ನೊಂದು ಕಾರಣವೂ ಸಾಮಾನ್ಯ. ಲಿನಕ್ಸ್ ಪಡೆಯುವ ಬಫರ್ ಅನ್ನು ಬೇಡಿಕೆಗೆ ತಕ್ಕಂತೆ ತಾನೇ ಹಿಗ್ಗಿಸುತ್ತದೆ. ಅಪ್ಲಿಕೇಶನ್ ಬರೆದವರು ವೇಗ ಹೆಚ್ಚಲೆಂದು ಬಫರ್ ಗಾತ್ರವನ್ನು ಕೈಯಾರೆ ನಿಗದಿಪಡಿಸಿದರೆ ಆ ಹಿಗ್ಗುವಿಕೆ ನಿಂತುಹೋಗುತ್ತದೆ. ಹತ್ತು ವರ್ಷಗಳ ಹಿಂದೆ ಯಾರೋ ಬರೆದ ಒಂದು ಸಾಲು ಇಂದು ಕಾಲಿಗೆ ತೊಡರುವುದು ಹೀಗೆ.

ವಿಂಡೋ ಸೊನ್ನೆಯಾದರೆ ಸಂಪರ್ಕ ಕಡಿಯುತ್ತದೆಯೇ?

ಕಡಿಯುವುದಿಲ್ಲ, ನಿಲ್ಲುತ್ತದೆ. ಪಡೆಯುವ ಅಪ್ಲಿಕೇಶನ್ ಓದುವುದನ್ನು ನಿಲ್ಲಿಸಿದರೆ ಬಫರ್ ತುಂಬಿ, ಸೊನ್ನೆ ವಿಂಡೋ ಹೊತ್ತ ಆ್ಯಕ್ ಹೋಗುತ್ತದೆ. ಮುಂದೆ ಜಾಗವಾದಾಗ ವಿಂಡೋ ತೆರೆದಿದೆ ಎಂಬ ಇನ್ನೊಂದು ಆ್ಯಕ್ ಹೋಗಬೇಕು. ತೊಂದರೆ ಇರುವುದು ಇಲ್ಲಿ: ದತ್ತಾಂಶವಿಲ್ಲದ ಆ್ಯಕ್‌ಗೆ ಪ್ರತಿಯಾಗಿ ಆ್ಯಕ್ ಬರುವುದಿಲ್ಲ, ಅದು ಕಳೆದುಹೋದರೆ ಯಾರೂ ಮತ್ತೆ ಕಳುಹಿಸುವುದಿಲ್ಲ. ಹಾಗೆ ಕಳೆದುಹೋದರೆ ಒಬ್ಬರು ದತ್ತಾಂಶಕ್ಕೆ, ಇನ್ನೊಬ್ಬರು ಅನುಮತಿಗೆ ಕೊನೆಯಿಲ್ಲದೆ ಕಾಯಬೇಕಾದೀತು. ಆದ್ದರಿಂದ ಕಳುಹಿಸುವ ತುದಿ ಪರ್ಸಿಸ್ಟ್ ಟೈಮರ್ ಇಟ್ಟುಕೊಂಡು ಆಗಾಗ ಒಂದು ಪುಟ್ಟ ಪ್ಯಾಕೆಟ್‌ನಿಂದ ಬಾಗಿಲು ತಟ್ಟುತ್ತದೆ. ಪ್ರತಿ ಬಾರಿಯ ನಡುವಿನ ಅಂತರವನ್ನು ದುಪ್ಪಟ್ಟು ಮಾಡುತ್ತ ಹೋಗುತ್ತದೆ. ಎದುರಿನವರು ಪ್ರತಿ ತಟ್ಟಿಗೂ ಉತ್ತರಿಸುತ್ತಿರುವವರೆಗೆ ಸಂಪರ್ಕವನ್ನು ಜೀವಂತವಾಗಿಡಬೇಕೆಂಬುದು ನಿಯಮ.

ಸೊನ್ನೆ ವಿಂಡೋ ಕಂಡಾಗ ನೆಟ್‌ವರ್ಕ್ ತಂಡಕ್ಕೆ ದೂರು ಬರೆಯುವುದು ವ್ಯರ್ಥ. ಅಪ್ಲಿಕೇಶನ್ ಓದುತ್ತಿಲ್ಲ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇರೆ ಇಲ್ಲ.

ಸಿಲ್ಲಿ ವಿಂಡೋ ಎಂದರೇನು?

ಅಪ್ಲಿಕೇಶನ್ ಹತ್ತು ಬೈಟ್ ಓದಿದ ಕೂಡಲೇ ಹತ್ತು ಬೈಟ್‌ಗೆ ಜಾಗವಾಯಿತು ಎಂದು ಪ್ರಕಟಿಸಿದರೆ, ಕಳುಹಿಸುವ ತುದಿ ಹತ್ತೇ ಬೈಟ್ ಕಳುಹಿಸುತ್ತದೆ, ಇದು ಹೀಗೆಯೇ ಮುಂದುವರಿದು ದೊಡ್ಡ ಫೈಲೊಂದು ಚೂರುಚೂರಾಗಿ ಸಾಗುತ್ತದೆ. ಪಡೆಯುವ ತುದಿ ಒಂದು ಪೂರ್ಣ ಸೆಗ್ಮೆಂಟಿನಷ್ಟು ಅಥವಾ ಬಫರ್‌ನ ಅರ್ಧದಷ್ಟು, ಇವೆರಡರಲ್ಲಿ ಚಿಕ್ಕದು ಯಾವುದೋ ಅಷ್ಟು ಜಾಗವಾಗುವವರೆಗೆ ಹೊಸ ಪ್ರಕಟಣೆ ಹೊರಡಿಸಬಾರದು ಎಂಬುದು ಪರಿಹಾರ. ಇದನ್ನೂ ಕ್ಲಾರ್ಕ್ ಅವರ ಅದೇ ಬರಹ ವಿವರಿಸಿತ್ತು.

ಆ್ಯಕ್ ತಡವಾದರೆ ದೊಡ್ಡ ಫೈಲುಗಳ ವರ್ಗಾವಣೆಯೂ ನಿಧಾನವಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ, ಏಕೆಂದರೆ ಸಾಲಾಗಿ ಬರುವ ಸೆಗ್ಮೆಂಟ್‌ಗಳಿಗೆ ಎರಡಕ್ಕೊಂದರಂತೆ ಆ್ಯಕ್ ತಾನಾಗಿಯೇ ಹೋಗುತ್ತಿರುತ್ತದೆ, ಟೈಮರ್ ಬಡಿಯುವ ಪ್ರಸಂಗವೇ ಬರುವುದಿಲ್ಲ. ಸಂಪರ್ಕದ ಆರಂಭದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಹಳೆಯ ರೀತಿಯಲ್ಲಿ, ಕಡಿಮೆಯಿಂದ ಶುರುಮಾಡಿ ವೇಗ ಏರಿಸುವ ಸ್ಲೋ ಸ್ಟಾರ್ಟ್ ಹಂತದ ಬೆಳವಣಿಗೆಯನ್ನು ಆ್ಯಕ್‌ಗಳ ಎಣಿಕೆಯಿಂದ ಅಳೆಯುತ್ತಿದ್ದರಿಂದ, ಆ್ಯಕ್‌ಗಳು ಅರ್ಧಕ್ಕೆ ಇಳಿದಾಗ ಪ್ರತಿ ಸುತ್ತಿಗೆ ಎರಡು ಪಟ್ಟು ಬೆಳೆಯಬೇಕಾದದ್ದು ಒಂದೂವರೆ ಪಟ್ಟಷ್ಟೇ ಬೆಳೆಯುತ್ತಿತ್ತು. ಈಗ ಬೈಟ್‌ಗಳನ್ನು ಎಣಿಸುವ ಪದ್ಧತಿ ಬಂದು ಈ ನಷ್ಟ ಬಹುತೇಕ ನೀಗಿದೆ. ಇದಕ್ಕೆ ಬದಲು, ವೈಫೈನಂಥ ಒಂದೇ ಗಾಳಿಯನ್ನು ಹೋಗುವ, ಬರುವ ಎರಡೂ ಪ್ಯಾಕೆಟ್‌ಗಳು ಹಂಚಿಕೊಳ್ಳಬೇಕಾದ ಕಡೆ, ಆ್ಯಕ್‌ಗಳು ಕಡಿಮೆಯಾದಷ್ಟೂ ದತ್ತಾಂಶಕ್ಕೆ ಹೆಚ್ಚು ಸಮಯ ಸಿಗುತ್ತದೆ.

ಟಿಸಿಪಿಗೆ ಬದಲಿಯಾಗಿ ಬಳಸುವ ಕ್ವಿಕ್ ಪ್ರೋಟೋಕಾಲ್‌ನಲ್ಲಿ ಇವೆಲ್ಲ ಹೇಗೆ?

2021ರ ಆರ್‌ಎಫ್‌ಸಿ 9000ರ ಕ್ವಿಕ್‌ನಲ್ಲಿಯೂ ಆ್ಯಕ್ ತಡೆಯುವುದಿದೆ. ಬೇರೆ ಹೇಳದಿದ್ದರೆ ಗರಿಷ್ಠ 25 ಮಿಲಿಸೆಕೆಂಡು. ಟಿಸಿಪಿಗೆ ಇಲ್ಲದ ಒಂದು ಪ್ರಾಮಾಣಿಕತೆ ಅದಕ್ಕಿದೆ: ತಾನು ಎಷ್ಟು ಹೊತ್ತು ತಡೆದೆ ಎಂಬುದನ್ನು ಆ್ಯಕ್‌ನಲ್ಲಿಯೇ ಬರೆದು ಕಳುಹಿಸುತ್ತದೆ. ಕಳುಹಿಸುವ ತುದಿ ಅದನ್ನು ಕಳೆದು ದಾರಿಯ ನಿಜವಾದ ರೌಂಡ್ ಟ್ರಿಪ್ ಎಷ್ಟೆಂದು ಲೆಕ್ಕ ಹಾಕುತ್ತದೆ. ಹರಿವಿನ ನಿಯಂತ್ರಣವನ್ನು ಆ್ಯಕ್‌ನಿಂದ ಪೂರ್ತಿ ಬಿಡಿಸಿ, ಪ್ರತಿ ಸ್ಟ್ರೀಮ್‌ಗೂ ಇಡೀ ಸಂಪರ್ಕಕ್ಕೂ ಬೇರೆ ಬೇರೆ ಫ್ರೇಮ್‌ಗಳನ್ನು ಇಟ್ಟಿದ್ದಾರೆ. ಅವು ಹೇಳುವುದು ಇನ್ನೆಷ್ಟು ಎಂಬುದನ್ನಲ್ಲ, ಮೊದಲಿನಿಂದ ಎಣಿಸಿದರೆ ಎಲ್ಲಿಯವರೆಗೆ ಎಂಬುದನ್ನು. ಒಮ್ಮೆ ಕೊಟ್ಟ ಅನುಮತಿಯನ್ನು ಹಿಂತೆಗೆಯುವಂತಿಲ್ಲ. ಎಸ್‌ಸಿಟಿಪಿ ಎಂಬ ಇನ್ನೊಂದು ಪ್ರೋಟೋಕಾಲ್ ಮಾತ್ರ ಟಿಸಿಪಿಯ ಜಾಡಿನಲ್ಲೇ ಉಳಿದು 200 ಮಿಲಿಸೆಕೆಂಡನ್ನು ಶಿಫಾರಸು ಮಾಡುತ್ತದೆ.

ನನ್ನ ಯಂತ್ರದಲ್ಲಿ ಇದನ್ನು ನೋಡುವುದು ಹೇಗೆ?

ಲಿನಕ್ಸ್‌ನಲ್ಲಿ ಎಸ್‌ಎಸ್ ಆದೇಶಕ್ಕೆ ಟಿ ಮತ್ತು ಐ ಆಯ್ಕೆಗಳನ್ನು ಕೊಟ್ಟರೆ ಪ್ರತಿ ಸಂಪರ್ಕದ ಒಳಗುಟ್ಟು ಕಾಣುತ್ತದೆ. ಎಟಿಒ ಎಂಬುದು ಆ್ಯಕ್ ತಡೆಯುವ ಈಗಿನ ಅವಧಿ, ಆರ್‌ಟಿಒ ಮರುಕಳುಹಿಸುವ ಅವಧಿ. ರಿಸೀವ್ ಕ್ಯೂ ಅಂಕಣದಲ್ಲಿ ದೊಡ್ಡ ಸಂಖ್ಯೆ ನಿಂತೇ ಇದ್ದರೆ ಈ ಯಂತ್ರದ ಅಪ್ಲಿಕೇಶನ್ ಓದುತ್ತಿಲ್ಲ. ಸೆಂಡ್ ಕ್ಯೂನಲ್ಲಿ ನಿಂತಿದ್ದರೆ ಎದುರಿನವರ ಆ್ಯಕ್ ಅಥವಾ ವಿಂಡೋ ಬಾಕಿಯಿದೆ. ಎದುರಿನ ವಿಂಡೋ ಕಾರಣಕ್ಕೆ ಎಷ್ಟು ಸಮಯ ಕಳೆಯಿತು ಎಂಬುದನ್ನೂ ಹೊಸ ಕರ್ನೆಲ್‌ಗಳು ಶೇಕಡಾವಾರು ತೋರಿಸುತ್ತವೆ.

ಪ್ಯಾಕೆಟ್ ಹಿಡಿಯುವುದಾದರೆ ಪಡೆಯುವ ತುದಿಯಲ್ಲಿ ಹಿಡಿಯಿರಿ. ಅಲ್ಲಿ ದತ್ತಾಂಶ ಬಂದ ಕ್ಷಣಕ್ಕೂ ಆ್ಯಕ್ ಹೊರಟ ಕ್ಷಣಕ್ಕೂ ನಡುವೆ ಕಾಣುವ ಅಂತರವೇ ತಡೆದ ಸಮಯ. ಕಳುಹಿಸುವ ತುದಿಯಲ್ಲಿ ಹಿಡಿದರೆ ರೌಂಡ್ ಟ್ರಿಪ್ ಅದರೊಳಗೆ ಬೆರೆತುಹೋಗುತ್ತದೆ. ಹಿಡಿದ ಪಟ್ಟಿಯಲ್ಲಿ 1,460 ಬೈಟ್‌ಗಳಿಗಿಂತ ಎಷ್ಟೋ ದೊಡ್ಡದಾದ, ಹತ್ತಾರು ಸಾವಿರ ಬೈಟ್‌ಗಳ ಸೆಗ್ಮೆಂಟ್‌ಗಳು ಕಂಡರೆ ಗಾಬರಿಯಾಗಬೇಕಿಲ್ಲ: ನೆಟ್‌ವರ್ಕ್ ಕಾರ್ಡ್ ಮತ್ತು ಕರ್ನೆಲ್ ಸೇರಿ ಹಲವು ಪ್ಯಾಕೆಟ್‌ಗಳನ್ನು ಒಂದಾಗಿ ಜೋಡಿಸಿ ಮೇಲಕ್ಕೆ ಕೊಟ್ಟಿರುತ್ತವೆ. ಅಂಥ ಪಟ್ಟಿಯಲ್ಲಿ ಎರಡಕ್ಕೊಂದು ಆ್ಯಕ್ ಇದೆಯೇ ಎಂದು ಸಾಲುಗಳನ್ನು ಎಣಿಸುತ್ತ ಕೂರಬೇಡಿ. ತಂತಿಯ ಮೇಲೆ ಹೋದದ್ದು ಬೇರೆ, ತೆರೆಯ ಮೇಲೆ ಕಾಣುವುದು ಬೇರೆ.